ಬಾಳ್ಳುಪೇಟೆಯಿಂದ ಪಿಂಚಣಿದಾರರ ಸ್ವರ್ಗಕ್ಕೆ

ನನ್ನ ತಂಗಿಯ ಮಗನಿಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿದೆ. ಮೊನ್ನೆ ಸಲಾಂ ಹೇಳಲು ಬಂದಿದ್ದ. ಹೊಸ ಖಾಕಿ, ಹೊಸ ಬೂಟು, ಮುಖದ ತುಂಬ ನಗು. ‘ಮಾಮಾ, ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿ’ ಎಂದ. ಏನು ಹೇಳಲಿ? ಬೂಟು ಒಂದು ಸೈಜು ದೊಡ್ಡದು ತಗೊಳ್ಳಬೇಕಿತ್ತು ಮಾರಾಯ, ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತೆ ಎಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಅವನು ಹೋದ ಮೇಲೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲವಲ್ಲ ಅನ್ನಿಸಿತು. ಬಾಯಲ್ಲಿ ಹೇಳುವಷ್ಟು ಗಂಟಲು ಈಗ ಉಳಿದಿಲ್ಲ. ಇದ್ದ ಗಂಟಲನ್ನೆಲ್ಲ ಹಾಸನ, ಕುಣಿಗಲ್, ಬೆಂಗಳೂರು ಎಂದು ಕೂಗಿಯೇ ಖರ್ಚು ಮಾಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ ಗಿಡ್ತಿಯ ವಿಷಯ ಇದರಲ್ಲಿ ಇಲ್ಲ. ಸಿಕ್ಕಿದ್ದೇ ಕಡಿಮೆ, ಸಿಕ್ಕಾಗ ಖುಷಿಪಡುವ ಶಕ್ತಿಯೂ ಇರಲಿಲ್ಲ.

ನಾನು ಬಾಷಾ, ಬಾಳ್ಳುಪೇಟೆಯವನು. ಐವತ್ತರ ದಶಕದಲ್ಲಿ ಆನೇಮಹಲ್‌ನಿಂದ ಬೆಳಗ್ಗೆ ಹೊರಟು ಸಕಲೇಶಪುರ, ಬಾಳ್ಳುಪೇಟೆ, ಹಾಸನದ ಮೇಲೆ ಬೆಂಗಳೂರಿಗೆ ಹೋಗುತ್ತಿದ್ದ ಒಂದು ಖಾಸಗಿ ಕಂಪನಿಯ ಬಸ್ಸಿನಲ್ಲಿ ಕಂಡಕ್ಟರನಾಗಿದ್ದೆ. ಒಂದು ದಿನ ಹೋಗುವುದು, ಮರುದಿನ ಬರುವುದು. ನನ್ನ ಜೊತೆ ಡ್ರೈವರ್ ಪುಟ್ಟೇಗೌಡರು. ಆಲೂರು ಕಡೆಯವರು, ದೊಡ್ಡ ಹೊಟ್ಟೆ, ದೊಡ್ಡ ಮೀಸೆ, ಬಾಯಿ ಮಾತ್ರ ಅವೆರಡಕ್ಕಿಂತ ದೊಡ್ಡದು. ಸ್ಟೇರಿಂಗ್ ಹಿಡಿದರೆ ಕತೆ ಶುರು, ಬ್ರೇಕ್ ಹಾಕಿದರೂ ಕತೆ ನಿಲ್ಲುತ್ತಿರಲಿಲ್ಲ.

ಆಗ ಬೆಂಗಳೂರಿಗೆ ಟಿಕೆಟ್ ಕೇಳುವವರು ಬೆಂಗಳೂರು ಎಂದು ಕೇಳುತ್ತಲೇ ಇರಲಿಲ್ಲ. ಒಬ್ಬ ‘ಪ್ಯಾಟೆಗೆ ಒಂದು’ ಎನ್ನುತ್ತಿದ್ದ, ಇನ್ನೊಬ್ಬ ‘ದಂಡಿಗೆ ಎರಡು’ ಎನ್ನುತ್ತಿದ್ದ. ಹೊಸ ಹುಡುಗರಿಗೆ ಇದು ತಿಳಿಯಲಿಕ್ಕಿಲ್ಲ. ಹಳೆಯ ಊರು ಪೇಟೆ, ಬ್ರಿಟಿಷರು ಸೈನ್ಯ ತಂದು ಇಳಿಸಿದ ಭಾಗ ದಂಡು. ಎರಡೂ ಬೇರೆ ಬೇರೆ ಊರುಗಳಂತೆಯೇ ಇದ್ದು, ಸ್ವಾತಂತ್ರ್ಯ ಬಂದ ಮೇಲೆ ಒಂದಾದವು. ಆದರೆ ಜನರ ಬಾಯಲ್ಲಿ ಒಂದಾಗಲು ಇನ್ನೂ ಬಹಳ ಕಾಲ ಹಿಡಿಯಿತು. ಏಲಕ್ಕಿ, ಮೆಣಸು ಮಾರುವ ನಮ್ಮ ಸಾಬರು ಪೇಟೆಗೆ ಹೋಗುತ್ತಿದ್ದರು. ಎಸ್ಟೇಟ್ ಬಂಗಲೆಯ ಕೆಲಸದವರು, ರಜೆ ಮುಗಿಸಿ ಹೊರಟ ಸಿಪಾಯಿಗಳು ದಂಡಿಗೆ. ನಾನು ಎಲ್ಲರಿಗೂ ಒಂದೇ ಟಿಕೆಟ್ ಹರಿದು ಕೊಡುತ್ತಿದ್ದೆ.

ಉಳಿದ ಬಿರುದುಗಳೆಲ್ಲ ಓದಿದವರ ಬಾಯಿಂದ ಬಂದವು. ಕೆ. ಹೊಸಕೋಟೆಯ ಒಬ್ಬರು ಮೇಷ್ಟ್ರು ಆಗಾಗ ಬರುತ್ತಿದ್ದರು. ಒಮ್ಮೆ ಅವರು ‘ಬೆಂಗಳೂರಿಗೆ ಉದ್ಯಾನ ನಗರಿ ಅಂತ ಹೆಸರು. ರಾಜರು ಮಾಡಿಸಿದ ದೊಡ್ಡ ತೋಟ ಇದೆ, ಸಾಹೇಬರ ಬಂಗಲೆಗಳ ಸುತ್ತ ತೋಟ ಇದೆ, ರಸ್ತೆಯುದ್ದಕ್ಕೂ ಹೂವಿನ ಮರ’ ಎಂದು ಪಾಠ ಮಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಕಾಫಿ ಕುಯ್ಯುವ ಹೆಂಗಸೊಬ್ಬಳು ಕೂತಿದ್ದಳು. ಕೇಳಿಕೇಳಿ ಅವಳಿಗೆ ತಡೆಯಲಾಗಲಿಲ್ಲ.

‘ಅಷ್ಟೊಂದು ತೋಟ ಐತಲ್ಲ ಮೇಷ್ಟ್ರೇ, ಕುಯ್ಲಿಗೆ ಆಳು ಎಲ್ಲಿಂದ ತರ್ತಾರೆ?’

‘ಕುಯ್ಲಿಲ್ಲ ಕಣಮ್ಮ. ನೋಡೋಕೆ ಬೆಳೆಸಿರೋದು.’

‘ಬರೀ ನೋಡಾಕೆ?’ ಎಂದು ಅವಳು ಕಿಟಕಿಯ ಕಡೆ ತಿರುಗಿ ಕೂತಳು. ‘ಸುಖವಾಗವ್ರೆ ಬುಡಿ.’

ಗೌಡರಿಗೆ ಉದ್ಯಾನದ ಹೆಸರು ಹಿಡಿಸುತ್ತಿರಲಿಲ್ಲ. ಅವರದು ಬೆಂದಕಾಳೂರು. ‘ನಮ್ ಸೀಮೆ ರಾಜ ಕಣ್ರೀ ಅವನು, ನಮ್ಮ ಹೊಯ್ಸಳರೋನು. ಬೇಟೆಗೆ ಹೋದೋನು ದಾರಿ ತಪ್ಪಿಸ್ಕಂಡು ಕಾಡಲ್ಲಿ ಒದ್ದಾಡ್ತಿದ್ದ. ಹೊಟ್ಟೆಗಿಲ್ಲ. ಗುಡಿಸ್ಲಲ್ಲಿ ಒಬ್ಳು ಅಜ್ಜಿ ಬೆಂದ ಕಾಳು ಕೊಟ್ಲು. ತಿಂದು ಜೀವ ಬಂತು. ಆ ಊರಿಗೆ ಬೆಂದಕಾಳೂರು ಅಂತ ಹೆಸರಿಟ್ಬುಟ್ಟ.’ ಈ ಕತೆ ಚನ್ನರಾಯಪಟ್ಟಣ ದಾಟುತ್ತಿದ್ದಂತೆ ಶುರುವಾಗಿ ಕುಣಿಗಲ್ ಹತ್ತಿರ ಮುಗಿಯುತ್ತಿತ್ತು. ಆಮೇಲೆ ಕಾಳು ಯಾವುದು ಎಂದು ಜಗಳ. ಅವರೆ ಎಂದು ಒಂದು ಪಕ್ಷ, ಹುರುಳಿ ಎಂದು ಇನ್ನೊಂದು. ನೆಲಮಂಗಲ ಬಂದರೂ ತೀರ್ಮಾನವಾಗುತ್ತಿರಲಿಲ್ಲ.

ಮೇಷ್ಟ್ರು ಸುಮ್ಮನಿರುವವರಲ್ಲ. ‘ಅದೆಲ್ಲ ಕಟ್ಟುಕತೆ ಗೌಡ್ರೇ. ಆ ರಾಜ ಹುಟ್ಟೋಕೆ ಎಷ್ಟೋ ಮೊದಲೇ ಬೇಗೂರಿನ ಕಲ್ಲಿನ ಮೇಲೆ ಬೆಂಗಳೂರು ಅಂತ ಕೆತ್ತಿದ್ದಾರೆ’ ಎಂದರು.

‘ಇರ್ಲಿ ಬುಡಿ ಸಾ. ಕಲ್ಲಿಗೆ ಹೊಟ್ಟೆ ಹಸೀತದಾ? ನಾನು ಹೇಳ್ತಿರೋದು ಹಸಿದೋನ ಕತೆ’ ಎಂದು ಗೌಡರು ಗೇರು ಬದಲಾಯಿಸಿದರು.

ನನಗೆ ಕತೆಯೂ ಬೇಡ, ಕಲ್ಲೂ ಬೇಡ. ನಿಂತೂ ನಿಂತೂ ಸೊಂಟ ಹಿಡಿದಿರುತ್ತಿತ್ತು. ಬಸ್ಸಿನಲ್ಲಿ ಎಲ್ಲರಿಗೂ ಸೀಟುಂಟು, ಕಂಡಕ್ಟರನಿಗೆ ಕಂಬ ಒಂದುಂಟು. ಕೆಲಸಕ್ಕೆ ಸೇರುವವರು ಇದನ್ನು ಮೊದಲೇ ತಿಳಿದುಕೊಂಡಿರಲಿ.

ಇನ್ನೊಂದು ಸಂಗತಿ ಹೇಳಬೇಕು. ಇದು ಈಗ ಯಾವ ಬಸ್ಸಿನಲ್ಲೂ ಇಲ್ಲ. ನಮ್ಮ ಕಡೆ ಆಗ ಒಬ್ಬರನ್ನು ಬೆಂಗಳೂರಿಗೆ ಕಳಿಸುವುದೆಂದರೆ ಕಂಡಕ್ಟರನ ಕೈಗೆ ಒಪ್ಪಿಸುವುದು. ಬಾಣಂತಿ, ಕಣ್ಣು ಕಾಣದ ಮುದುಕ, ಮೊದಲ ಸಲ ಊರು ಬಿಟ್ಟ ಸೊಸೆ, ಯಾರೇ ಇರಲಿ, ಮನೆಯವರು ಬಸ್ಸಿನ ಬಾಗಿಲಲ್ಲಿ ನಿಂತು ‘ನಿಮ್ ಕೈಗೆ ಕೊಟ್ಟಿದೀವಿ ಬಾಷಣ್ಣ’ ಎನ್ನುತ್ತಿದ್ದರು. ಹಾಗೆಂದ ಮೇಲೆ ಮುಗಿಯಿತು. ಬೆಂಗಳೂರಿನಲ್ಲಿ ಕರೆದುಕೊಂಡು ಹೋಗುವವರು ಬಂದು ಕೈ ಹಿಡಿದುಕೊಳ್ಳುವ ತನಕ ಆ ಮನುಷ್ಯ ನನ್ನ ಲೆಕ್ಕ. ಮರುದಿನ ವಾಪಸು ಬರುವಾಗ ಅವರ ಊರಿನ ತಿರುವಿನಲ್ಲಿ ಗೌಡರು ಹಾರನ್ ಬಾರಿಸಬೇಕು. ಆಗಿನದು ರಬ್ಬರ್ ಬುರುಡೆಯ ಹಾರನ್, ಕೈಯಲ್ಲಿ ಹಿಸುಕುವುದು. ಉದ್ದಕ್ಕೆ ಎರಡು ಸಲ ಹಿಸುಕಿದರೆ ‘ತಲುಪಿದರು’ ಎಂದು ಅರ್ಥ. ಹಿಸುಕದಿದ್ದರೆ ಏನೋ ಆಗಿದೆ ಎಂದು ಅರ್ಥ. ಆಗ ನಾನೇ ಇಳಿದು ಹೋಗಿ ಹೇಳಬೇಕು. ಮನೆಯವರು ಬೆಳಗ್ಗೆಯಿಂದ ಕಿವಿ ನೆಟ್ಟುಕೊಂಡಿರುತ್ತಿದ್ದರು. ಆದ್ದರಿಂದ ಅಂಥ ತಿರುವುಗಳಲ್ಲಿ ಎಮ್ಮೆ ಅಡ್ಡ ಮಲಗಿದ್ದರೂ ಗೌಡರು ಹಾರನ್ ಮುಟ್ಟುತ್ತಿರಲಿಲ್ಲ. ಬಸ್ ನಿಲ್ಲಿಸಿ, ಇಳಿದು, ಎಮ್ಮೆಯ ವಂಶವನ್ನೆಲ್ಲ ಬೈದು, ಓಡಿಸಿ ಬರುತ್ತಿದ್ದರು.

ಒಮ್ಮೆ ಗೌಡರಿಗೆ ಜ್ವರ. ಹಾಸನದಿಂದ ಬೇರೆ ಡ್ರೈವರ್ ಬಂದಿದ್ದ. ಕೆ. ಹೊಸಕೋಟೆ ಕಡೆಯ ರಂಗೇಗೌಡ ಎಂಬುವರು ಹಿಂದಿನ ದಿನ ತಾನೇ ಹೆಂಡತಿಯನ್ನು ಕಣ್ಣಿನ ಆಪರೇಷನ್ನಿಗೆಂದು ನನ್ನ ಕೈಗೆ ಒಪ್ಪಿಸಿದ್ದರು. ಆಯಮ್ಮ ಹಾಸನದಲ್ಲೇ ತಲೆಸುತ್ತು ಎಂದು ಇಳಿದು ತಂಗಿಯ ಮನೆಗೆ ಹೋದರು. ಸರಿ, ವಾಪಸು ಬರುವಾಗ ಇಳಿದು ಹೇಳೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಆ ಹೊಸ ಡ್ರೈವರ್ ಅವರ ಊರಿನ ಕ್ರಾಸಿನಲ್ಲಿ ಅಡ್ಡ ಬಂದ ಗಾಡಿಯೊಂದಕ್ಕೆ ಉದ್ದಕ್ಕೆ ಎರಡು ಹಾರನ್ ಹೊಡೆದೇಬಿಟ್ಟ. ಮರದ ಕೆಳಗೆ ಕಾದಿದ್ದ ರಂಗೇಗೌಡರು ಆಕಾಶಕ್ಕೆ ಕೈಮುಗಿದು ಮನೆ ಕಡೆ ಓಡಿದವರು ತಿರುಗಿ ನೋಡಲಿಲ್ಲ. ನಾನು ಇಳಿದು ಕೂಗಿದೆ, ಕೇಳಿಸಲಿಲ್ಲ. ಬೆನ್ನು ಹತ್ತೋಣವೆಂದರೆ ಡ್ರೈವರ್ ‘ಹತ್ರೀ, ಲೇಟಾಯ್ತು’ ಎಂದು ಬಸ್ ಬಿಟ್ಟೇಬಿಟ್ಟ.

ಆ ಸಂಜೆಯೇ ಅವರ ಮನೆಯಲ್ಲಿ ಹರಕೆಯ ಕೋಳಿ ಕುಯ್ದು ನೆಂಟರಿಗೆಲ್ಲ ಊಟ. ಊಟದ ಮಾರನೆಯ ದಿನ ಹೆಂಡತಿ ಹಾಸನದಿಂದ ಬಂದು ಬಾಗಿಲಲ್ಲಿ ನಿಂತರು. ರಂಗೇಗೌಡರು ಬಾಳ್ಳುಪೇಟೆಗೆ ಬಂದು ನನ್ನ ಅಂಗಿ ಹಿಡಿದುಕೊಂಡರು.

‘ಎಲ್ಲಿಗ್ರೀ ತಲುಪಿಸಿದ್ರಿ ನನ್ ಹೆಂಡ್ತೀನಾ? ಹಾಸನನೂ ಬೆಂಗ್ಳೂರಾಗ್ಬುಡ್ತಾ? ನನ್ ಹುಂಜ ವಾಪಸ್ ಕೊಡ್ರೀ!’

‘ಹುಂಜ ತಿಂದೋರು ನಿಮ್ ನೆಂಟ್ರು ಕಣ್ರೀ, ನನ್ ಕೇಳಿದ್ರೆ ಎಲ್ಲಿಂದ ತರ್ಲಿ?’

‘ದೇವ್ರಿಗೆ ಏನ್ ಹೇಳ್ಲಿ ನಾನು?’

ಸುದ್ದಿ ನಮ್ಮ ಕಂಪನಿಯ ಏಜೆಂಟರಿಗೆ ಮುಟ್ಟಿತು. ಏಜೆಂಟರೆಂದರೆ ಬಾಳ್ಳುಪೇಟೆಯ ಬುಕಿಂಗ್ ಕಚೇರಿಯಲ್ಲಿ ಕೂತು, ಬಸ್ಸು ತಡವಾದರೆ ಗಡಿಯಾರವನ್ನೂ ಬೈಯುತ್ತಿದ್ದವರು. ‘ಬಸ್ಸಿಗೆ ಹತ್ತಿಸ್ಕೋ, ಇಳಿಸು. ಅಷ್ಟೇ ನಿನ್ನ ಕೆಲ್ಸ. ಈ ಒಪ್ಪಿಸ್ಕೊಳ್ಳೋದು, ಊದೋದು ಎಲ್ಲ ಇನ್ಮೇಲೆ ಬಂದ್’ ಎಂದರು. ತಪ್ಪು ಮಾತೇನಲ್ಲ. ಆದರೆ ಮರುದಿನ ಬೆಳಗ್ಗೆ ಅವರದೇ ಅತ್ತೆ ಬೆಂಗಳೂರಿಗೆ ಹೊರಟು ನಿಂತಿದ್ದರು. ಏಜೆಂಟರು ನನ್ನನ್ನು ಪಕ್ಕಕ್ಕೆ ಕರೆದು ‘ಬಾಷಾ, ನಿನ್ನ ಕೈಗೆ ಕೊಟ್ಟಿದೀನಿ’ ಎಂದರು.

ಈಗ ಚೌರಪ್ಪನ ವಿಷಯ. ಇಷ್ಟು ಹೊತ್ತು ಹೇಳಿದ್ದೆಲ್ಲ ಇವನ ಸಲುವಾಗಿಯೇ.

ಹಾಸನದ ಕಡೆಯಿಂದ ಬರುವಾಗ ಬಾಳ್ಳುಪೇಟೆಗೆ ಸ್ವಲ್ಪ ಮೊದಲು ಒಬ್ಬ ಇಂಗ್ಲಿಷ್ ದೊರೆಯ ಎಸ್ಟೇಟ್ ಇತ್ತು. ಚೌರಪ್ಪ ಅಲ್ಲಿ ಬಟ್ಲರ್. ನಮ್ಮ ಕಡೆಯದೇ ಕ್ರಿಶ್ಚಿಯನ್ ಕುಟುಂಬ. ಹುಡುಗನಾಗಿ ತಟ್ಟೆ ತೊಳೆಯಲು ಬಂಗಲೆಗೆ ಸೇರಿ, ಅಡಿಗೆ ಕಲಿತು, ಹಿತ್ತಾಳೆ ಗುಂಡಿಯ ಬಿಳಿ ಕೋಟು ತೊಟ್ಟು, ಅಲ್ಲೇ ಮುದುಕನಾದವನು. ಮದುವೆ ಆಗಲಿಲ್ಲ. ಅವನ ಅಕ್ಕ ಮರಿಯಮ್ಮ ಅದೇ ಎಸ್ಟೇಟಿನ ಸ್ಟೋರಿನಲ್ಲಿ ಕಾಫಿ ಬೀಜ ಆರಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕೂಲಿಗಳ ಸಾಲುಮನೆಯಲ್ಲಿ, ಲೈನ್ ಅನ್ನುತ್ತಾರೆ ಅದಕ್ಕೆ, ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು.

ಚೌರಪ್ಪ ಬಾಳ್ಳುಪೇಟೆ ಸಂತೆಗೆ ನಮ್ಮ ಬಸ್ಸಿನಲ್ಲೇ ಬಂದುಹೋಗುತ್ತಿದ್ದ. ಬಸ್ಸಿನಲ್ಲಿ ಇದ್ದವರಿಗೆಲ್ಲ ಬೆಂಗಳೂರಿನ ಇನ್ನೊಂದು ಬಿರುದು ಪರಿಚಯ ಮಾಡಿಸಿದವನು ಇವನೇ. ದೊರೆಗಳು ಊಟದ ಮೇಜಿನಲ್ಲಿ ಆಡಿದ್ದನ್ನು ಕೇಳಿಸಿಕೊಂಡು ಬಂದು ಹೇಳುತ್ತಿದ್ದ.

‘ಪಿಂಚಣಿದಾರರ ಸ್ವರ್ಗ ಅಂತಾರೆ ಬಾಷಣ್ಣ. ಮಿಲಿಟ್ರಿಯೋರು, ಜಡ್ಜುಗಳು, ನಮ್ ದೊರೆಯಂಥ ಎಸ್ಟೇಟ್‌ನೋರು, ಕೆಲ್ಸ ಮುಗಿದ ಮೇಲೆ ಅಲ್ಲಿಗೇ ಹೋಗೋದು. ಸೆಕೆ ಇಲ್ಲ, ಮನೇಲಿ ಫ್ಯಾನೇ ಬೇಕಾಗಲ್ವಂತೆ. ಮುಂದುಗಡೆ ಗುಲಾಬಿ, ಹಿಂದುಗಡೆ ತರಕಾರಿ. ಬೆಳಗ್ಗೆ ಎದ್ದು ಬೆತ್ತ ಹಿಡ್ಕಂಡು ವಾಕಿಂಗು, ಸಂಜೆ ಕ್ಲಬ್ಬು. ಸಾಯೋಗಂಟ ಹಂಗೇ.’

‘ಪಿಂಚಣಿ ಇರೋರ್ಗಲ್ವಾ ಅದು? ನಿಮ್ಗೆ ಯಾರ್ ಕೊಡ್ತಾರೆ?’ ಗೌಡರು ಮುಂದಿನಿಂದ ಕೇಳಿದರು.

‘ದೊರೆ ಕೊಡ್ತಾರೆ. ಅವ್ರು ಅಲ್ಲಿ ಮನೆ ತಗಂಡವ್ರೆ. ಹಿಂದುಗಡೆ ನಂಗೊಂದು ರೂಮ್ ಕಟ್ಸಿರ್ತೀನಿ, ಬಾ ಅಂದವ್ರೆ.’

ಅಷ್ಟರಲ್ಲಿ ದೊರೆ ಎಸ್ಟೇಟನ್ನು ಮಾರಿ ಬೆಂಗಳೂರಿಗೆ ಹೊರಟೇಹೋದ. ಕೊಂಡುಕೊಂಡ ಸಾಹುಕಾರರು ಒಳ್ಳೆಯವರೇ. ಆದರೆ ಮುದ್ದೆ ಉಣ್ಣುವವರಿಗೆ ಪುಡ್ಡಿಂಗ್ ಮಾಡುವ ಬಟ್ಲರ್ ಯಾಕೆ ಬೇಕು? ಬಂಗಲೆಯ ಹಿಂದಿನ ಕೋಣೆಯನ್ನು ಬೇಸಿಗೆಯೊಳಗೆ ಖಾಲಿ ಮಾಡಿಕೊಡು ಎಂದರು. ಚೌರಪ್ಪ ಈಗ ಹೋಗುತ್ತಾನೆ, ಆಗ ಹೋಗುತ್ತಾನೆ ಎಂದು ನಾವು ಕಾದೆವು. ಮಳೆಗಾಲ ಬಂದು ಮುಗಿಯಿತು, ಅವನು ಹೊರಡಲಿಲ್ಲ. ಸಾಹುಕಾರರೇ ಕನಿಕರ ಪಟ್ಟು ಅಲ್ಲಿಯ ತನಕ ಇರಲು ಬಿಟ್ಟರು. ಮಳೆ ನಿಂತ ಮೇಲೆ ಒಂದು ಬೆಳಗ್ಗೆ ಎಸ್ಟೇಟ್ ಗೇಟಿನಲ್ಲಿ ಟ್ರಂಕು ಇಟ್ಟುಕೊಂಡು, ಕರಿ ಕೋಟು ಹಾಕಿಕೊಂಡು ನಿಂತಿದ್ದ. ಪಕ್ಕದಲ್ಲಿ ಮರಿಯಮ್ಮ, ಮುಖ ಊದಿಸಿಕೊಂಡು.

‘ಲೈನಲ್ಲಿ ನನ್ ಜೊತೆ ಇರೋ ಅಂದ್ರೆ ಕೇಳಲ್ಲ ಬಾಷಣ್ಣ. ಬಂಗ್ಲೆ ಬಟ್ಲರ್ ಲೈನಲ್ಲಿ ಮಲಗ್ತಾನಾ ಅಂತಾನೆ. ನಾನೇನ್ ನಾಯಿಗೂಡಲ್ಲಿದೀನಾ?’

‘ಅಕ್ಕ, ಬಸ್ಸಲ್ಲಿ ಜನ ಅವ್ರೆ’ ಎಂದ ಚೌರಪ್ಪ.

‘ಇರ್ಲಿ, ಕೇಳ್ಲಿ. ದೊರೆ ಅಂತೆ, ರೂಮಂತೆ, ಸ್ವರ್ಗ ಅಂತೆ.’ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. ‘ನಿಮ್ ಕೈಗೆ ಕೊಟ್ಟಿದೀನಿ. ದೊರೆ ಕೈಗೇ ಒಪ್ಪುಸ್ಬೇಕು. ನಾಳೆ ಇಲ್ಲೇ ಗೇಟಲ್ಲಿ ಕಾಯ್ತಿರ್ತೀನಿ.’

ದಾರಿಯುದ್ದಕ್ಕೂ ಚೌರಪ್ಪನಿಗೆ ಹಬ್ಬ. ದೊರೆಗೆ ಬೆಳಗ್ಗೆ ಎಷ್ಟು ಹೊತ್ತಿಗೆ ಟೀ ಕೊಡಬೇಕು, ದೊರೆಸಾನಿಗೆ ಮೊಟ್ಟೆ ಹೇಗೆ ಬೇಯಿಸಬೇಕು ಎಂದು ಹೇಳಿಕೊಂಡು ಬಂದ. ಹೋದ ವಾರ ಎಸ್ಟೇಟಿನ ಕಾಫಿ ಲಾರಿಯವನ ಹತ್ತಿರ ಹೇಳಿ ಕಳಿಸಿದ್ದೇನೆ, ದೊರೆಯ ಮನೆ ಗೇಟಿನಲ್ಲಿದ್ದ ಮಾಲಿ ತಲೆಯಾಡಿಸಿದನಂತೆ, ದೊರೆ ಕಾರು ಕಳಿಸುತ್ತಾರೆ ಎಂದ. ಗೌಡರು ತಮ್ಮ ಬೆಂದಕಾಳಿನ ಕತೆ ತೆಗೆದಾಗ ಇವನಿಗೆ ನಗು. ‘ನಾನು ದಾರಿ ತಪ್ಪಿ ಹೋಗ್ತಿಲ್ಲ ಗೌಡ್ರೇ, ಅಡ್ರೆಸ್ ಬಾಯಲ್ಲೇ ಐತೆ’ ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಕಲಾಸಿಪಾಳ್ಯದಲ್ಲಿ ಬಸ್ ನಿಂತಿತು. ಯಾರೂ ಬಂದಿರಲಿಲ್ಲ. ಜನ ಇಳಿದು ಖಾಲಿಯಾದರು, ಮೇಲಿನ ಸಾಮಾನೆಲ್ಲ ಇಳಿಯಿತು, ಆದರೂ ಕಾರಿಲ್ಲ. ಚೌರಪ್ಪ ಟ್ರಂಕಿನ ಮೇಲೆ ನೆಟ್ಟಗೆ ಕೂತು ಬಂದ ಪ್ರತಿ ಕಾರಿಗೂ ಎದ್ದು ನಿಲ್ಲುತ್ತಿದ್ದ. ನನಗೆ ಹಸಿವು, ನಿದ್ದೆ, ಕಾಲಲ್ಲಿ ಉರಿ. ‘ಒಂದು ಜಟಕಾ ಹತ್ತಿಸಿ ಕಳಿಸಿಬಿಡು’ ಎಂದಿತು ಮನಸ್ಸು. ಆದರೆ ಒಪ್ಪಿಸಿಕೊಂಡದ್ದಾಗಿತ್ತಲ್ಲ, ಬಿಡುವುದಕ್ಕಾಗಲಿಲ್ಲ. ಬಸ್ಸನ್ನು ಗೌಡರಿಗೆ ನೋಡಿಕೊಳ್ಳಲು ಹೇಳಿ ನಾನೂ ಜಟಕಾ ಹತ್ತಿದೆ.

ದಂಡಿನ ಕಡೆಯ ಆ ರಸ್ತೆ ಇವನು ಹೇಳಿದ ಹಾಗೆಯೇ ಇತ್ತು. ಎರಡೂ ಬದಿಗೆ ಮರ, ಮರದ ತುಂಬ ಹೂ, ಹೆಂಚಿನ ಬಂಗಲೆಗಳು, ಗುಲಾಬಿ. ಆದರೆ ಮನುಷ್ಯರ ಸದ್ದೇ ಇಲ್ಲ. ಯಾವುದೋ ವರಾಂಡದಿಂದ ಒಂದು ಕೆಮ್ಮು, ಇನ್ಯಾವುದೋ ವರಾಂಡದಿಂದ ಇನ್ನೊಂದು ಕೆಮ್ಮು, ಅಷ್ಟೇ. ಬಾಳ್ಳುಪೇಟೆಯ ಗಲಾಟೆಯಲ್ಲಿ ಬೆಳೆದವನಿಗೆ ಆ ಮೌನ ತಡೆಯಲಾಗಲಿಲ್ಲ.

ನಾವು ಹುಡುಕಿದ ಮನೆಯ ಗೇಟಿಗೆ ಬಂದವರು ದೊರೆಯಲ್ಲ. ಶಾಲು ಹೊದ್ದ ಮುದುಕರೊಬ್ಬರು, ನಮ್ಮವರೇ. ನಿವೃತ್ತ ಜಡ್ಜಂತೆ. ಚೌರಪ್ಪ ತನ್ನ ವಿಷಯವೆಲ್ಲ ಹೇಳಿ ಮುಗಿಸುವ ತನಕ ಗೇಟು ಹಿಡಿದುಕೊಂಡು ಕೇಳಿದರು.

‘ಅವರು ಮನೆ ನನಗೆ ಮಾರಿ ಇಂಗ್ಲೆಂಡಿಗೇ ಹೊರಟುಹೋದರಪ್ಪ. ಹೆಂಡತಿಗೆ ಇಲ್ಲಿ ಇರೋದಕ್ಕೆ ಆಗಲಿಲ್ಲವಂತೆ. ಹೋಗುವ ಮೊದಲು ಒಬ್ಬ ಬಟ್ಲರ್ ಬರ್ತಾನೆ, ಬರ್ತಾನೆ ಅಂತ ಹೇಳ್ತಿದ್ದರು. ಮಳೆಗಾಲ ಪೂರ್ತಿ ಕಾದರು. ನೀನೇ ಏನು?’

ಚೌರಪ್ಪ ಹೌದೆಂದು ತಲೆಯಾಡಿಸಿದ.

‘ನನ್ನ ಹತ್ತಿರ ಅಡಿಗೆಯವನಿದ್ದಾನೆ. ನಾನು ಕುಡಿಯೋದು ಒಂದು ಲೋಟ ಗಂಜಿ. ಇವತ್ತು ಬೇಕಾದರೆ ಇಲ್ಲೇ ಮಲಗು. ಆ ರೂಮು ಖಾಲಿನೇ ಇದೆ.’

ನಾನು ಅಲ್ಲಿಯವರೆಗೆ, ದೊರೆ ಸುಮ್ಮನೆ ಬಾಯಿಮಾತಿಗೆ ಹೇಳಿರುತ್ತಾನೆ ಎಂದೇ ನಂಬಿದ್ದೆ. ಮನೆಯ ಹಿಂದೆ ಹೋದರೆ ನಿಜವಾಗಿಯೂ ರೂಮಿತ್ತು. ಸುಣ್ಣ ಹೊಡೆದ ಗೋಡೆ, ಒಂದು ಕಿಟಕಿ, ಒಂದು ಮಂಚ. ಬಾಗಿಲ ಪಕ್ಕದಲ್ಲಿ ಕೋಟು ತಗುಲಿಹಾಕಲು ಮರದ ಗೂಟ. ಚೌರಪ್ಪ ಗಿಡ್ಡ ಆಳು. ಗೂಟವನ್ನು ಸರಿಯಾಗಿ ಅವನ ಕೈಗೆ ಎಟಕುವ ಎತ್ತರಕ್ಕೇ ಹೊಡೆಸಿದ್ದರು. ಅವನು ಕೈ ಎತ್ತಿ ಅದನ್ನು ಮುಟ್ಟಿದ. ಆಮೇಲೆ ಮಂಚದ ಮೇಲೆ ಕೂತು ಅತ್ತ. ನನಗೆ ಅವನ ಮೇಲೆ ಸಿಟ್ಟು ಬಂತು.

‘ಯಾಕ್ ಬರ್ಲಿಲ್ಲ ಮಾರಾಯ ನೀನು? ಬೇಸ್ಗೇಲೇ ಬಂದಿದ್ರೆ?’

‘ಅಕ್ಕಂಗೆ ಜ್ವರ ಬಂದಿತ್ತಲ್ಲ ಬಾಷಣ್ಣ. ಮಳೆಗಾಲ ಎಲ್ಲ ಎದ್ದೇಳ್ಲಿಲ್ಲ. ಗಂಜಿ ಕಾಯ್ಸಿ ಕೊಡೋರು ಯಾರು? ಬಂಗ್ಲೆ ಕೆಲ್ಸ ಮುಗ್ದಿಲ್ಲ, ಅದ್ಕೆ ಹೊರಟಿಲ್ಲ ಅಂತ ಹೇಳಿದ್ದೆ ಅವ್ಳಿಗೆ.’ ಕೋಟಿನ ತೋಳಿಗೆ ಕಣ್ಣು ಒರೆಸಿಕೊಂಡು ಹೇಳಿದ: ‘ಈ ವಿಷ್ಯ ಅವ್ಳಿಗೆ ಹೇಳ್ಬೇಡಿ.’

ನಾನು ಹೇಳಲಿಲ್ಲ. ಇಬ್ಬರೂ ಈಗ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವನು ಅಲ್ಲಿ ಮಲಗಲು ಒಪ್ಪಲಿಲ್ಲ. ಗೇಟಿನ ತನಕ ಜಡ್ಜೇ ಬಂದರು. ‘ಇದನ್ನ ಸ್ವರ್ಗ ಅಂತಾರೆ, ಕೇಳಿರಬೇಕು ನೀವು. ಈ ಬೀದೀಲಿ ಎಲ್ಲರೂ ಪಿಂಚಣಿದಾರರೇ. ಒಬ್ಬರ ಮನೆಗೆ ಒಬ್ಬರು ಹೋಗಿ ಮಾತಾಡಿ ಎಷ್ಟು ದಿನವಾಯಿತೋ’ ಎಂದರು. ನಾವು ಹೊರಟಮೇಲೂ ಅವರು ಗೇಟು ಹಿಡಿದುಕೊಂಡೇ ನಿಂತಿದ್ದರು.

ಮರುದಿನ ಚೌರಪ್ಪ ಹಿಂದಿನ ಸೀಟಿನ ಮೂಲೆ ಹಿಡಿದು ಕೂತ. ಗೌಡರು ಆವತ್ತು ಕತೆ ಹೇಳಲಿಲ್ಲ. ಹಾಸನ ದಾಟಿದ ಮೇಲೆ ನನಗೆ ಹೊಸ ಚಿಂತೆ ಶುರುವಾಯಿತು. ಮರಿಯಮ್ಮ ಗೇಟಿನಲ್ಲಿ ಕಾದಿರುತ್ತಾಳೆ. ಹಾರನ್ ಹೊಡೆದರೆ ತಮ್ಮ ತಲುಪಿದ ಎಂದು ತಿಳಿಯುತ್ತಾಳೆ, ಅದು ಸುಳ್ಳು. ಹೊಡೆಯದಿದ್ದರೆ ಏನೋ ಅನಾಹುತವಾಗಿದೆ ಎಂದು ಎದೆ ಒಡೆದುಕೊಳ್ಳುತ್ತಾಳೆ. ಜ್ವರದಿಂದ ಎದ್ದ ಜೀವ ಬೇರೆ.

ಬಾಳ್ಳುಪೇಟೆಗೆ ಮೊದಲಿನ ತಿರುವು ಬಂತು. ದೂರದಲ್ಲಿ ಗೇಟಿನ ಕಲ್ಲಿನ ಪಕ್ಕ ಅವಳು ನಿಂತಿರುವುದು ಕಾಣಿಸಿತು. ಗೌಡರು ಬಸ್ಸನ್ನು ನಿಧಾನ ಮಾಡಿದರು. ಕೈ ಬುರುಡೆಯ ಮೇಲಿತ್ತು.

‘ಏನ್ ಮಾಡಾಣ ಬಾಷಣ್ಣ?’

ನನ್ನನ್ನು ಕೇಳಿದರೆ? ಕಂಬ ಹಿಡಿದುಕೊಂಡೆ. ಹಿಂದಿನಿಂದ ಚೌರಪ್ಪನ ಸ್ವರ ಬಂತು.

‘ಹೊಡೀರಿ ಗೌಡ್ರೇ.’

‘ಹೊಡುದ್ರೆ ನೀನು ತಲುಪಿದೀಯ ಅಂತ ತಿಳ್ಕಂತಾಳಲ್ಲೋ!’

‘ತಿಳ್ಕಳ್ಲಿ. ತಲುಪಿದೀನಲ್ಲ.’

ಗೌಡರು ಹಿಸುಕಿದರು. ಉದ್ದಕ್ಕೆ ಎರಡು. ಮರಿಯಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಲೈನಿನ ಕಡೆ ತಿರುಗಿ ನಡೆದೇಬಿಟ್ಟಳು. ಬಸ್ ನಿಲ್ಲುತ್ತದೆಂದು ಅವಳು ಎಣಿಸಿರಲಿಲ್ಲ. ನಾನು ‘ಹೋಲ್ಡಾನ್!’ ಎಂದು ಕೂಗಿದೆ. ಚೌರಪ್ಪ ಇಳಿದು, ಟ್ರಂಕನ್ನು ನೆಲಕ್ಕಿಟ್ಟು, ‘ಅಕ್ಕಾ’ ಎಂದ.

ಅವಳು ತಿರುಗಿದಳು. ತಮ್ಮನನ್ನು ನೋಡಿದಳು, ಟ್ರಂಕನ್ನು ನೋಡಿದಳು, ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ದೊರೆ ಅಂತೆ, ರೂಮಂತೆ ಎಂದು ಶುರುಮಾಡುತ್ತಾಳೆ ಎಂದುಕೊಂಡೆ. ಅವಳು ಬಂದು ಟ್ರಂಕಿನ ಒಂದು ಹಿಡಿಗೆ ಕೈ ಹಾಕಿದಳು.

‘ಅನ್ನ ಐತೆ, ಬಾ’ ಎಂದಳು.

ಇಬ್ಬರೂ ಟ್ರಂಕನ್ನು ಎರಡು ಕಡೆ ಹಿಡಿದುಕೊಂಡು ಹೋಗುವುದನ್ನು ಬಸ್ಸಿನವರೆಲ್ಲ ನೋಡುತ್ತಿದ್ದೆವು. ರೈಟ್ ಹೇಳುವುದೂ ನನಗೆ ಮರೆತುಹೋಗಿತ್ತು. ಗೌಡರು ತಾವಾಗಿಯೇ ಗೇರು ಹಾಕಿ, ‘ದಾರಿ ತಪ್ಪಿದ್ರೂ ಅಡ್ಡಿ ಇಲ್ಲ ಕಣ್ ಬಾಷಣ್ಣ, ಬೇಯ್ಸಿ ಹಾಕೋರು ಒಬ್ರು ಸಿಕ್ಬೇಕು’ ಎಂದರು. ಬಾಳ್ಳುಪೇಟೆಯಲ್ಲಿ ಏಜೆಂಟರು ಯಾಕೆ ತಡ ಎಂದು ಬೈದರು. ಬೈಸಿಕೊಂಡೆವು.

ಅರವತ್ತರ ದಶಕದಲ್ಲಿ ನಮ್ಮ ದಾರಿಯ ಬಸ್ಸುಗಳು ಸರ್ಕಾರದ ಕೈಗೆ ಹೋದವು. ಕೆಲಸ ಉಳಿಯಿತು, ಕೆಲಸದ ರೀತಿ ಉಳಿಯಲಿಲ್ಲ. ಸಮಯಕ್ಕೆ ಸರಿಯಾಗಿ ಸಂಬಳ, ಅಚ್ಚು ಹಾಕಿದ ಟಿಕೆಟ್, ಕೊನೆಗೆ ಪಿಂಚಣಿ. ಅದಕ್ಕೆಲ್ಲ ನಾನು ಋಣಿ. ಆದರೆ ಇವತ್ತು ಈ ದಾರಿ, ನಾಳೆ ಇನ್ನೊಂದು ದಾರಿ. ಇವತ್ತು ಒಬ್ಬ ಡ್ರೈವರ್, ನಾಳೆ ಮತ್ತೊಬ್ಬ. ಮುಖ ಗೊತ್ತಿಲ್ಲದ ಕಂಡಕ್ಟರನ ಕೈಗೆ ಯಾರು ಯಾರನ್ನು ಒಪ್ಪಿಸುತ್ತಾರೆ? ರಬ್ಬರ್ ಬುರುಡೆ ಹೋಗಿ ಕರೆಂಟ್ ಹಾರನ್ ಬಂತು. ಎಮ್ಮೆಗೂ ಅದೇ ಸದ್ದು, ಮನುಷ್ಯರಿಗೂ ಅದೇ ಸದ್ದು. ಗೌಡರು ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಬೆಂಗಳೂರಿಗೆ ಹೋಗುವ ಹುಡುಗರು ಆಗ ಅದನ್ನು ಕಾರ್ಖಾನೆ ಊರು ಎನ್ನುತ್ತಿದ್ದರು. ಬೆಂದ ಕಾಳಿನ ಬಗ್ಗೆ ಜಗಳವಾಡುವವರು ಯಾರೂ ಸಿಗಲಿಲ್ಲ.

ನನ್ನ ಕೊನೆಯ ಡ್ಯೂಟಿ ಮುಗಿದದ್ದು ಹಾಸನದಲ್ಲಿ. ಡಿಪೋದವರು ಒಂದು ಹಾರ ಹಾಕಿದರು, ಒಬ್ಬರು ನನ್ನ ಹೆಸರು ತಪ್ಪಾಗಿ ಹೇಳಿ ಭಾಷಣ ಮಾಡಿದರು. ಹಾರವನ್ನು ಕೈಚೀಲಕ್ಕೆ ತುರುಕಿಕೊಂಡು ಬಾಳ್ಳುಪೇಟೆಯ ಬಸ್ ಹತ್ತಿದೆ. ಪ್ರಯಾಣಿಕನಾಗಿ, ಸೀಟಿನಲ್ಲಿ ಕೂತು. ಡ್ರೈವರ್, ಕಂಡಕ್ಟರ್ ಇಬ್ಬರೂ ಹೊಸ ಹುಡುಗರು, ನನ್ನ ಪರಿಚಯವಿಲ್ಲ. ಸುಖವಾಗಿರಬೇಕಿತ್ತು. ಇನ್ನು ನಾಳೆ ಏಳಬೇಕಾಗಿಲ್ಲ ಎಂದು ಅಂದುಕೊಂಡ ಕೂಡಲೇ, ಎದ್ದು ಮಾಡುವುದಾದರೂ ಏನು ಎಂದು ದಿಗಿಲಾಯಿತು.

ಎಸ್ಟೇಟಿನ ತಿರುವಿನಲ್ಲಿ ದನವೊಂದು ಅಡ್ಡ ಬಂತು. ಡ್ರೈವರ್ ಹಾರನ್ ಒತ್ತಿದ. ಉದ್ದಕ್ಕೆ ಎರಡು ಸಲ.

ಗೇಟಿನ ಕಲ್ಲಿನ ಮೇಲೆ ಕೂತಿದ್ದ ಮುದುಕನೊಬ್ಬ ಗಡಬಡಿಸಿ ಎದ್ದು ನಿಂತು ಬಸ್ಸಿನ ಕಡೆ ಕತ್ತು ಚಾಚಿದ. ಚೌರಪ್ಪ. ಮರಿಯಮ್ಮ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಅವನಿನ್ನೂ ಅದೇ ಲೈನಿನ ಕೋಣೆಯಲ್ಲಿದ್ದ ಎಂದು ಕೇಳಿದ್ದೆ. ಬಸ್ ಅವನನ್ನು ದಾಟಿ ಮುಂದಕ್ಕೆ ಹೋಯಿತು.

ನಾನು ಎದ್ದು ಗಂಟೆಯ ಹಗ್ಗ ಎಳೆದೆ. ‘ಇಲ್ಲಿ ಸ್ಟಾಪಿಲ್ಲ ಯಜಮಾನ್ರೇ’ ಎಂದ ಕಂಡಕ್ಟರ್. ‘ಗೊತ್ತು ಕಣಪ್ಪ’ ಎಂದು ಇಳಿದೆ.

ಹಿಂದಕ್ಕೆ ನಡೆದು ಗೇಟಿಗೆ ಬರುವಷ್ಟರಲ್ಲಿ ಏದುಸಿರು ಬಂದಿತ್ತು. ಚೌರಪ್ಪ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿ ಗುರುತು ಹಿಡಿದ.

‘ಬಾಷಣ್ಣ! ಹಾರನ್ ಕೇಳಿಸ್ತು. ಯಾರ್ ತಲುಪಿದ್ದು?’

‘ನಾನೇ ಕಣೋ’ ಎಂದೆ.

ಅವನು ನನ್ನ ಕೈಚೀಲದಿಂದ ಹೊರಗೆ ಇಣುಕುತ್ತಿದ್ದ ಹಾರವನ್ನು ನೋಡಿದ, ನನ್ನ ಕಾಲನ್ನು ನೋಡಿದ. ಚೀಲದ ಒಂದು ಹಿಡಿಗೆ ಕೈ ಹಾಕಿದ.

‘ಅನ್ನ ಐತೆ, ಬಾ’ ಎಂದ.